ಕರುಳಿನ ಗೋಡೆಗೆ ಅಂಟಿ ಕುಳಿತ ಕಾಲರಾ: ಸೋಂಕು ನಡೆಯುವ ಬಗೆ, ಹಂತ ಹಂತವಾಗಿ

ರೋಗಾಣುಗಳು ಮೈಹೊಕ್ಕು ಒಳಗಿನ ಅಂಗಗಳನ್ನು ಕೊರೆದು ಹಾಳುಮಾಡುತ್ತವೆ ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ಕಾಲರಾದ ಮಟ್ಟಿಗೆ ಅದು ಸರಿಯಲ್ಲ. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ವಿಬ್ರಿಯೊ ಕಾಲರೆ ಎಂಬ ಬ್ಯಾಕ್ಟೀರಿಯಾ ಕರುಳಿನ ಗೋಡೆಯನ್ನು ಕೊರೆಯುವುದಿಲ್ಲ, ಸಾಮಾನ್ಯವಾಗಿ ರಕ್ತಕ್ಕೂ ಇಳಿಯುವುದಿಲ್ಲ. ಆದರೂ ಗಟ್ಟಿಮುಟ್ಟಾದ ಆಳನ್ನು ಕೆಲವೇ ಗಂಟೆಗಳಲ್ಲಿ ಸಾವಿನಂಚಿಗೆ ಒಯ್ಯಬಲ್ಲದು.

ಮೊದಲ ಹಂತದಲ್ಲಿ ಅದು ಮಲ ಬೆರೆತ ನೀರು ಇಲ್ಲವೇ ಆಹಾರದೊಂದಿಗೆ ಬಾಯಿಗೆ ಬರುತ್ತದೆ. ಎರಡನೆಯದು ಜಠರ. ಅಲ್ಲಿನ ಆಮ್ಲಕ್ಕೆ ಸಿಕ್ಕಿ ಬಹುಪಾಲು ಸಾಯುವುದರಿಂದ, ಆಮ್ಲ ಸರಿಯಾಗಿರುವವರಲ್ಲಿ ರೋಗ ಹುಟ್ಟಲು ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಬೇಕಾಗುತ್ತವೆ. ಆಮ್ಲ ಕಡಿಮೆ ಇರುವವರಲ್ಲಿ ಅದಕ್ಕಿಂತ ಬಹಳ ಕಡಿಮೆ ಸಾಕು. ಉಳಿದವು ಸಣ್ಣ ಕರುಳನ್ನು ತಲುಪಿ, ಒಂದೇ ಒಂದು ಬಾಲವನ್ನು ಬೀಸುತ್ತ ಲೋಳೆಯೊಳಗೆ ಈಜಿ, ಎಳೆಯಂತಹ ಚಾಚುಗಳಿಂದ ಗೋಡೆಗೆ ಅಂಟಿ ಸಂಖ್ಯೆಯಲ್ಲಿ ಹೆಚ್ಚುತ್ತವೆ.

ಮುಂದಿನದೇ ನಿಜವಾದ ಪೆಟ್ಟು. ಅಂಟಿಕೊಂಡ ಬ್ಯಾಕ್ಟೀರಿಯಾ ಒಂದು ವಿಷವನ್ನು ಸ್ರವಿಸುತ್ತದೆ. ಕಲ್ಕತ್ತೆಯ ವಿಜ್ಞಾನಿ ಶಂಭುನಾಥ ಡೇ ಅವರು, ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸಬಲ್ಲದೆಂದು 1959ರಲ್ಲಿ ತೋರಿಸಿದರು. ನಮ್ಮ ಶಾಲಾ ಮಕ್ಕಳಿಗೆ ಅವರ ಹೆಸರು ತಿಳಿದಿರಬೇಕೆಂದು ನಾನು ಮನಸಾರೆ ಬಯಸುತ್ತೇನೆ. ಈ ವಿಷಕ್ಕೆ ಆರು ತುಣುಕುಗಳಿವೆ. ಐದು ಸೇರಿ ಕರುಳಿನ ಜೀವಕೋಶವನ್ನು ಹಿಡಿದುಕೊಳ್ಳುತ್ತವೆ, ಆರನೆಯದು ಒಳಗಿಳಿಯುತ್ತದೆ. ಒಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅತಿಯಾಗಿ ಹೆಚ್ಚಿ, ಕ್ಲೋರೈಡಿನ ದ್ವಾರಗಳು ತೆರೆದೇ ಉಳಿಯುತ್ತವೆ. ಲವಣ ಹೊರಗೆ ಹರಿಯುತ್ತದೆ, ಅದರ ಬೆನ್ನಿಗೆ ನೀರೂ ಹರಿಯುತ್ತದೆ. ಅಕ್ಕಚ್ಚಿನಂತಹ ಭೇದಿ ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ಆಗಬಹುದು. ಕಣ್ಣು ಗುಳಿಬೀಳುವುದು, ಚರ್ಮ ಸುಕ್ಕುಗಟ್ಟುವುದು, ನಾಡಿ ಕ್ಷೀಣಿಸುವುದು ಎಲ್ಲವೂ ಈ ನೀರಿನ ನಷ್ಟದಿಂದಲೇ.

ಆದರೆ ಸಕ್ಕರೆ ಮತ್ತು ಸೋಡಿಯಮ್ಮನ್ನು ಜೊತೆಯಾಗಿ ಒಳಗೆಳೆದುಕೊಳ್ಳುವ ಬೇರೊಂದು ದ್ವಾರವನ್ನು ಈ ವಿಷ ಕೆಡಿಸುವುದಿಲ್ಲ, ಆ ದ್ವಾರದಿಂದ ನೀರೂ ಮರಳಿ ಒಳಗೆ ಬರುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬಿಸ್ ಇದನ್ನೇ ನಂಬಿ ಸಕ್ಕರೆ–ಲವಣದ ನೀರನ್ನು ಬಾಯಿಂದ ಕುಡಿಸಿದರು; ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು.

ಇಂಥದೇ ಸಕ್ಕರೆ–ಲವಣದ ಪುಡಿಯಾದ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಬೇಕು. ಉಪ್ಪು ಹೆಚ್ಚಾದರೆ, ವಿಶೇಷವಾಗಿ ಮಕ್ಕಳಿಗೆ, ಅಪಾಯ. ರೋಗಿ ವಾಂತಿ ಮಾಡಿದರೆ ಹತ್ತು ನಿಮಿಷ ತಡೆದು ಚಮಚ ಚಮಚವಾಗಿ ಮತ್ತೆ ಕುಡಿಸಬೇಕು, ಆಸ್ಪತ್ರೆಯ ದಾರಿಯಲ್ಲೂ ಅದನ್ನು ನಿಲ್ಲಿಸಬಾರದು.