ಕಡಕ್ ರೊಟ್ಟಿಗೆ ಒಂದು ಪದ, ಕಡಕ್ ಚಹಾಕ್ಕೆ ಇನ್ನೊಂದು

ವಿಜಯಪುರದ ಖಾನಾವಳಿಗೆ ಹೋದರೆ ತಟ್ಟೆಗೆ ಕಡಕ್ ರೊಟ್ಟಿ ಬರುತ್ತದೆ. ಉಂಡು ಹೊರಗೆ ಬಂದವರು ಕಡಕ್ ಚಹಾ ಕುಡಿಯುತ್ತಾರೆ. ಗಣಿತ ಕಲಿಸಿದ ಕಡಕ್ ಮಾಸ್ತರರನ್ನು ಯಾರೂ ಮರೆತಿರುವುದಿಲ್ಲ. ಈ ಮೂರನ್ನೂ ಇಂಗ್ಲಿಷಿನಲ್ಲಿ ಹೇಳಿ ನೋಡಿ. ರೊಟ್ಟಿ ‘ಕ್ರಿಸ್ಪ್’, ಚಹಾ ‘ಸ್ಟ್ರಾಂಗ್’, ಮಾಸ್ತರರು ‘ಸ್ಟ್ರಿಕ್ಟ್’. ಬ್ಯಾಂಕಿನಿಂದ ತಂದ ಕಡಕ್ ನೋಟು ಮತ್ತೆ ರೊಟ್ಟಿಯ ಪಂಕ್ತಿಗೇ ಸೇರಿ ‘ಕ್ರಿಸ್ಪ್’ ಆಗುತ್ತದೆ.

ನಮ್ಮ ಭಾಗದ ಎಷ್ಟೋ ವಿದ್ಯಾರ್ಥಿಗಳು ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ ಬರೆದು ದಿನಕ್ಕೆ ಹತ್ತರಂತೆ ಬಾಯಿಪಾಠ ಮಾಡುತ್ತಾರೆ. ಅಷ್ಟು ಶ್ರಮಪಟ್ಟ ಮೇಲೂ ಮಾತನಾಡುವಾಗ ತಡವರಿಸುವುದನ್ನು ಕಂಡರೆ ಸಂಕಟವಾಗುತ್ತದೆ. ದಾರಿಯನ್ನು ಸ್ವಲ್ಪ ಬದಲಿಸಿಕೊಳ್ಳಿ.

ಮೊದಲು ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಂಡು ಪುಟದ ನೆತ್ತಿಗೆ ಕನ್ನಡದ ಕ್ರಿಯಾಪದ ಬರೆಯಿರಿ. ‘ಕೇಳು’ ಎಂಬುದರಿಂದಲೇ ಶುರು ಮಾಡಿ, ಅದರಷ್ಟು ಕಾಡುವ ಪದ ಇನ್ನೊಂದಿಲ್ಲ. ಈ ದಿನ ನೀವು ಏನೇನು ಕೇಳಿದಿರಿ ಎಂಬುದನ್ನು ಕನ್ನಡದಲ್ಲೇ ಕೆಳಗೆ ಬರೆಯಿರಿ. ಬಸ್ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಅಜ್ಜಿಯ ಮಾತು ಕೇಳುತ್ತ ಕುಳಿತೆ. ಹಾರ್ನ್ ಕೇಳಿಸಿತು. ನೀರು ಕೇಳಿದೆ.

ಈಗ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯನ್ನು ನೆನಪಿಸಿಕೊಳ್ಳಿ. ನೀವು ಗೋಡೆಯ ಹತ್ತಿರ ಬಾಯಿ ತಂದು ಪಿಸುಗುಟ್ಟುತ್ತೀರಿ. ಎದುರು ಬದಿಯಲ್ಲಿ ಗೆಳತಿ ಕಿವಿಗೊಟ್ಟು ನಿಂತಿದ್ದಾಳೆ. ಹಾಗೆ ಕಿವಿಗೊಡುವುದು ‘ಲಿಸನ್’. ದನಿ ಗೋಡೆಗುಂಟ ಹರಿದು ಬಂದು ಅವಳ ಕಿವಿಗೆ ಬಿದ್ದರೆ ಅದು ‘ಹಿಯರ್’. ಗದ್ದಲವಿದ್ದರೆ ಎಷ್ಟು ಕಿವಿಗೊಟ್ಟರೂ ಏನೂ ಕೇಳಿಸದೆ ಹೋಗಬಹುದು. ಆಗ ಅವಳು ‘ಏನಂದೆ?’ ಎಂದು ವಿಚಾರಿಸುತ್ತಾಳಲ್ಲ, ಅದು ‘ಆಸ್ಕ್’. ಕೇಳುವುದಕ್ಕೂ ಕೇಳಿಸುವುದಕ್ಕೂ ಇರುವ ಅಂತರ ನಮ್ಮ ಕನ್ನಡದಲ್ಲೇ ಇದೆ. ನೋಡುವುದು, ಕಾಣಿಸುವುದು ಕೂಡ ಹಾಗೆಯೇ: ಕಣ್ಣು ಹಾಯಿಸಿದರೆ ‘ಲುಕ್’, ಕಣ್ಣಿಗೆ ಬಿದ್ದರೆ ‘ಸೀ’. ಕ್ರಿಕೆಟ್ ಪಂದ್ಯವನ್ನು ಕೊನೆಯ ಓವರಿನವರೆಗೂ ನೋಡುತ್ತ ಕೂರುವುದು ‘ವಾಚ್’.

ಪದ ಸಿಕ್ಕ ಮೇಲೆ ಅದರ ಬಾಲವನ್ನೂ ಬರೆದುಕೊಳ್ಳಿ. ‘ಲಿಸನ್’ ಎಂದರೆ ಹಿಂದೆಯೇ ‘ಟು’ ಬರಬೇಕು: ಲಿಸನ್ ಟು ಮಿ. ‘ಆಸ್ಕ್’ ಪದಕ್ಕೆ ಅದು ಬೇಡ, ಆಸ್ಕ್ ಮಿ ಎಂದರೆ ಸಾಕು. ನೀರು ಬೇಕೆಂದು ಕೇಳುವಾಗ ‘ಆಸ್ಕ್ ಫಾರ್’.

ಮುಂದಿನ ಪುಟಕ್ಕೆ ‘ಕಡ’ ಇರಲಿ. ನೆರೆಮನೆಯಿಂದ ಜೋಳದ ಹಿಟ್ಟು ಕಡ ತಂದರೆ ‘ಬಾರೋ’, ಅವರು ಕಡ ಕೊಟ್ಟರೆ ‘ಲೆಂಡ್’. ನಮ್ಮಲ್ಲಿ ತರು, ಕೊಡು ಎಂಬವು ದಿಕ್ಕು ತೋರಿಸುತ್ತವೆ. ಇಂಗ್ಲಿಷಿನಲ್ಲಿ ದಿಕ್ಕು ಪದದ ಹೊಟ್ಟೆಯೊಳಗೇ ಇದೆ. ಆದ್ದರಿಂದ ಗೆಳೆಯನ ಪೆನ್ನು ಬೇಕಾದಾಗ ‘ಲೆಂಡ್ ಮಿ ಯುವರ್ ಪೆನ್’ ಎನ್ನಬೇಕು, ‘ಬಾರೋ ಮಿ’ ಎಂದರೆ ಹೊಂದುವುದಿಲ್ಲ.

ಆಮೇಲೆ ಗೊತ್ತೇ ಇದೆ ಎಂದು ಬಿಟ್ಟ ಪದಗಳನ್ನು ತಿರುವಿ ನೋಡಿ. ನಾವು ಹೋಟೆಲ್‌ಗೆ ಉಪ್ಪಿಟ್ಟು ತಿನ್ನಲು ಹೋಗುತ್ತೇವೆ, ಇಂಗ್ಲೆಂಡಿನವರು ಉಳಿದುಕೊಳ್ಳಲು ಹೋಗುತ್ತಾರೆ. ತರಗತಿಯಲ್ಲಿ ‘ಸರ್, ಒಂದು ಡೌಟ್’ ಎನ್ನುವುದು ನಮ್ಮ ರೂಢಿ. ಹೊರದೇಶದ ಕಿವಿಗೆ ಅದು ನೀವು ಹೇಳಿದ್ದರ ಮೇಲೆ ನನಗೆ ಅನುಮಾನವಿದೆ ಎಂಬಂತೆ ಕೇಳಿಸೀತು. ಅಲ್ಲಿ ‘ಕ್ವೆಶ್ಚನ್’ ಎನ್ನಿ. ನಮ್ಮ ಚಾಲಕರೆಲ್ಲರೂ ಬಲ್ಲ ‘ಸ್ಟೆಪ್ನಿ’ಯ ಕಥೆ ನನಗೆ ಬಹಳ ಪ್ರಿಯ. ವೇಲ್ಸ್‌ನ ಲನೆಲ್ಲಿ ಪಟ್ಟಣದ ಸ್ಟೆಪ್ನಿ ಬೀದಿಯಿಂದ ಆ ಹೆಸರು ಬಂತು. 20ನೇ ಶತಮಾನದ ಆರಂಭದಲ್ಲಿ ಅಲ್ಲಿ ತಯಾರಾದ ಹೆಚ್ಚುವರಿ ಚಕ್ರಕ್ಕೆ ಅದೇ ಹೆಸರಿತ್ತು. ಈಗ ಇಂಗ್ಲೆಂಡಿನಲ್ಲಿ ‘ಸ್ಪೇರ್ ವೀಲ್’ ಎಂದರಷ್ಟೇ ತಿಳಿಯುತ್ತದೆ.

ನಾಳೆಯ ಪುಟಕ್ಕೆ ‘ಹಾಕು’ ಬರೆದಿಡಿ. ಅಂಗಿ ಹಾಕುವುದು, ಬಾಗಿಲು ಹಾಕುವುದು, ಚಹಾಕ್ಕೆ ಸಕ್ಕರೆ ಹಾಕುವುದು, ಫ್ಯಾನ್ ಹಾಕುವುದು, ಅಂಗಳಕ್ಕೆ ರಂಗೋಲಿ ಹಾಕುವುದು. ಅಂಗಿಗೆ ‘ಪುಟ್ ಆನ್’, ಬಾಗಿಲಿಗೆ ‘ಕ್ಲೋಸ್’. ಉಳಿದ ಮೂರನ್ನು ನೀವೇ ಹುಡುಕಿ, ಬಾಲದ ಸಮೇತ ಬರೆಯಿರಿ.