ಮೂರು ಬಗೆಯ ಫೈಲ್, ಒಂದೇ ಬ್ಯಾಕ್ಟೀರಿಯಾ: ನನ್ನ ಅನುಭವ

ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಬೇರಿನ ನಾಳವನ್ನು ಫೈಲ್ ಎಂಬ ತೆಳು ಉಪಕರಣದಿಂದ ಉಜ್ಜುತ್ತೇವೆ. ರೋಟರಿ (ಯಂತ್ರ ತಿರುಗಿಸುವ ಫೈಲ್) ಇಳಿಸಿದರೆ ಬ್ಯಾಕ್ಟೀರಿಯಾದ ಕಥೆ ಮುಗಿಯಿತು ಎನ್ನುವವರು ಒಂದು ಕಡೆ, ಕೈ ಫೈಲಿಗೆ ಸಮನಾದದ್ದಿಲ್ಲ ಎನ್ನುವವರು ಇನ್ನೊಂದು ಕಡೆ. ಕ್ಲಿನಿಕ್ ನಡೆಸುವವರಿಗೆ ಇಂಥ ಹೋಲಿಕೆ ಆಗದ ಕೆಲಸ ಎಂದು ಇಬ್ಬರೂ ನನಗೆ ಹೇಳಿದ್ದರು. ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಕಿತ್ತ ಕೆಳದವಡೆಯ ಪ್ರೀಮೋಲಾರ್‌ಗಳಲ್ಲಿ (ದವಡೆ ಹಲ್ಲಿನ ಮುಂದಿನ ಸಣ್ಣ ಹಲ್ಲುಗಳಲ್ಲಿ) ಅಂಡಾಕಾರದ ನಾಳವಿದ್ದವನ್ನೇ ಆರಿಸಿದೆ. ದುಂಡು ನಾಳದಲ್ಲಿ ಯಾವ ಫೈಲಾದರೂ ಗೆಲ್ಲುತ್ತದೆ. ಆಟೋಕ್ಲೇವಿನ ಬಿಸಿ ಹಬೆಯಲ್ಲಿ ಕ್ರಿಮಿಶುದ್ಧ ಮಾಡಿ, ಎಂಟರೊಕಾಕಸ್ ಫೀಕಾಲಿಸ್ ಎಂಬ ಬ್ಯಾಕ್ಟೀರಿಯಾ ತುಂಬಿಸಿ ಮೂರು ವಾರದಷ್ಟು ಬೆಳೆಯಲು ಬಿಟ್ಟೆ. ಕೈಯಲ್ಲಿ ತಿರುಗಿಸುವ ಸ್ಟೀಲ್ ಕೆ-ಫೈಲ್, ನಿಕ್ಕಲ್-ಟೈಟಾನಿಯಂ ರೋಟರಿ, ಹಿಂದೆಮುಂದೆ ತಿರುಗುವ ಒಂಟಿ ಫೈಲ್, ಹೀಗೆ ಮೂರು ಗುಂಪು.

ಫೈಲ್ ಮಾಡಿ ತೊಳೆದ ನಾಳದಿಂದ ಮಾದರಿ ತೆಗೆದು ಬೆಳೆಸಿದ ಮೊದಲ ಕಂತಿನ ಪ್ಲೇಟುಗಳಲ್ಲಿ ಒಂದು ಕಾಲೊನಿಯೂ ಇಲ್ಲ! ಜೊತೆಗಿದ್ದವರು ಹಿಗ್ಗಿದರು, ನಾನು ನಂಬಲಿಲ್ಲ. ಮಾದರಿ ಹೀರುವ ಕಾಗದದ ಕಡ್ಡಿಗೆ (ಪೇಪರ್ ಪಾಯಿಂಟ್) ಅಂಟಿಬಂದ ಹೈಪೋಕ್ಲೋರೈಟೇ, ಅಂದರೆ ನಾಳ ತೊಳೆಯುವ ಕ್ರಿಮಿನಾಶಕವೇ, ಟ್ಯೂಬಿನಲ್ಲಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿತ್ತು. ಮಾದರಿ ತೆಗೆಯುವ ಮುನ್ನ ಅದರ ಶಕ್ತಿ ಕುಂದಿಸುವ ಸೋಡಿಯಂ ಥಯೋಸಲ್ಫೇಟ್ ಹಾಕತೊಡಗಿದ ಮೇಲೆ ನಿಜ ಹೊರಬಿತ್ತು. ಆ ಕಂತಿನ ಹಲ್ಲು, ಫೈಲ್, ಹಣ ಎಲ್ಲವೂ ದಂಡ. ಒಂಟಿ ಫೈಲ್ ಒಂದು ಹಲ್ಲಿಗೇ ಮುಗಿಯುತ್ತದೆ. ಅದೇ ದುಡ್ಡಿಗೆ ಕೆ-ಫೈಲಿನ ಪೆಟ್ಟಿಗೆಯೇ ಬರುತ್ತದೆ.

ಬರೀ ಸಲೈನಿನಲ್ಲಿ ತೊಳೆದಾಗ ಮೂರೂ ಗುಂಪಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಇಳಿಯಿತು, ಆದರೆ ಯಾವುದೂ ಸ್ವಚ್ಛವಾಗಲಿಲ್ಲ. 3% ಹೈಪೋಕ್ಲೋರೈಟ್ ಬಂದೊಡನೆ ಫೈಲುಗಳ ನಡುವೆ ಇದ್ದಷ್ಟು ಅಂತರವೂ ಕರಗಿತು. ನಿಜವಾದ ವ್ಯತ್ಯಾಸ ಕಂಡದ್ದು ನಾಳದ ತುದಿಯನ್ನು 25ರಿಂದ 35ಕ್ಕೆ (0.25ರಿಂದ 0.35 ಮಿ.ಮೀ.ಗೆ) ಹಿಗ್ಗಿಸಿದಾಗ. ದ್ರಾವಣ ಬಿಡುವ 30 ಗೇಜ್ ಸೂಜಿಯ ಹೊರವ್ಯಾಸವೇ ಸುಮಾರು 0.31 ಮಿ.ಮೀ.; 25ರ ನಾಳದಲ್ಲಿ ಅದು ತುದಿಯ ಹತ್ತಿರಕ್ಕೆ ಇಳಿಯುವುದಾದರೂ ಹೇಗೆ?

ಕೆಲವು ಹಲ್ಲುಗಳ ನಾಳಕ್ಕೆ ಮೊದಲೇ ಶಾಯಿ ಬಳಿದು, ಫೈಲ್ ಮಾಡಿದ ಮೇಲೆ ಉದ್ದಕ್ಕೆ ಸೀಳಿ ನೋಡಿದೆ. ನಡುವೆ ಬಿಳಿ ದಂತದ್ರವ್ಯ, ಕೆನ್ನೆ ಮತ್ತು ನಾಲಿಗೆಯ ಕಡೆಯ ಸಂದುಗಳಲ್ಲಿ ಮಾತ್ರ ಕಪ್ಪು ಗೆರೆ ಹಾಗೆಯೇ ಉಳಿದಿತ್ತು. ಬೆಲೆಬಾಳುವ ಫೈಲೂ ಅಲ್ಲಿಗೆ ಹೋಗಿರಲಿಲ್ಲ. ಆ ಸಂದಿಗೆ ಮದ್ದು ಅಲ್ಟ್ರಾಸಾನಿಕ್, ಅಂದರೆ ಕಂಪಿಸುತ್ತ ದ್ರಾವಣವನ್ನು ಕಲಕುವ ತೆಳು ಕಡ್ಡಿ: ನಾಳದ ತುದಿಯಿಂದ 2 ಮಿ.ಮೀ. ಮೇಲೆ, 20 ಸೆಕೆಂಡಿನಂತೆ ಮೂರು ಸಲ, ಪ್ರತಿ ಸಲವೂ ಹೊಸ ದ್ರಾವಣ. ನಡುವೆ, ಫೈಲ್ ಉಜ್ಜಿದ ಪುಡಿಯ ಪದರವನ್ನು ಕರಗಿಸುವ 17% ಇ.ಡಿ.ಟಿ.ಎ. ದ್ರಾವಣ ಒಂದು ನಿಮಿಷ. ಹೀಗೆ ಮಾಡಿದ ಹಲ್ಲುಗಳಲ್ಲಿ ಹತ್ತಕ್ಕೆ ಎಂಟರಷ್ಟು ಪ್ಲೇಟುಗಳಲ್ಲಿ ಏನೂ ಬೆಳೆಯಲಿಲ್ಲ, ಕೆ-ಫೈಲ್ ಗುಂಪಿನಲ್ಲೂ! ಬಾಗಿದ ನಾಳಕ್ಕೆ ಆ ಅಲ್ಟ್ರಾಸಾನಿಕ್ ತುದಿಯನ್ನು ಹೇಗೆ ಬಗ್ಗಿಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ಕೊನೆಗೆ ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ಕ್ರಿಮಿನಾಶಕ ಹಾಕಿಯೂ ನೋಡಿದೆ. ಉಳಿದ ಹೈಪೋಕ್ಲೋರೈಟಿನೊಡನೆ ಸೇರಿ ಕಂದು ಗಷ್ಟು ಕೂತಿತು, ಕೈಬಿಟ್ಟೆ. ಈಗ ಸಮಯ ಉಳಿಯುತ್ತದೆಂದು ರೋಟರಿ ಬಳಸುತ್ತೇನೆ. ಒಂಟಿ ಫೈಲಿಗೆ ಸುರಿಯುತ್ತಿದ್ದ ಹಣ ಅಲ್ಟ್ರಾಸಾನಿಕ್ ತುದಿಗಳಿಗೆ ಹೋಗುತ್ತಿದೆ.