ಮನೆ ಮಾರಿದವರು ಬೋರ್‌ವೆಲ್ ಮೋಟರ್ ಬಿಚ್ಚಿಕೊಂಡು ಹೋದಾಗ

ರಾಯಚೂರಲ್ಲಿ ಹಳೇ ಮನೆ ಕೊಂಡೆವು. ನೋಂದಣಿ ಮುಗಿದು ಕೀಲಿ ಕೈಗೆ ಬಂದಾಗ ಬೋರ್‌ವೆಲ್ ಮೋಟರ್, ಎರಡು ಬಾಗಿಲು ಮಾಯ. ಫ್ಯಾನ್‌ಗಳೂ ಇಲ್ಲ, ಈ ಬಿಸಿಲಲ್ಲಿ! ಬ್ರೋಕರ್ ಫೋನ್ ಎತ್ತಲಿಲ್ಲ. ಠಾಣೆಯಲ್ಲಿ ಸಿವಿಲ್ ವಿಷಯ ಅಂದರು. ‘ಕ್ರಯಪತ್ರದಲ್ಲಿ ಬರೆದಿಲ್ಲವಲ್ಲ’ ಅಂತ ಮಾರಿದವರ ವಾದ.

ಕೆಲಸ ಮಾಡಿದ್ದು ವಕೀಲರ ನೋಟಿಸ್. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಕಲಂ ಪ್ರಕಾರ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ ಬೀಗ, ಕೀಲಿ, ಬಾಗಿಲು, ಕಿಟಕಿ, ಮನೆಯ ಕಾಯಂ ಬಳಕೆಗೆ ಇಟ್ಟ ವಸ್ತುಗಳೆಲ್ಲ ಮನೆ ಜೊತೆಗೇ ಬರುತ್ತವೆ. ಅಂದರೆ ಬರೆಯದಿದ್ದದ್ದು ನಮಗೇ ಅನುಕೂಲ, ಅಲ್ವಾ? ನೋಟಿಸ್‌ನಲ್ಲಿ ವಾಪಸ್ ಕೇಳುವ ವಸ್ತುಗಳ ಪಟ್ಟಿಯಿಂದ ಮೊದಲು ಫ್ಯಾನ್ ಕೈಬಿಟ್ಟೆವು, ಅದಕ್ಕೆ ಸುಮ್ನೆ ಜಗಳ. ಆಮೇಲೆ ಮನೆ ನೋಡಲು ಹೋದಾಗ ತೆಗೆದ ಫೋಟೋ, ಈಗಿನ ಖಾಲಿ ಜಾಗದ ಫೋಟೋ, ಮೋಟರ್ ಅಂಗಡಿಯ ಕೊಟೇಶನ್ ಎಲ್ಲ ಲಗತ್ತಿಸಿ, 15 ದಿನ ಗಡುವು ಕೊಟ್ಟು, ತಲುಪಿದ್ದಕ್ಕೆ ಸಹಿ ಬರುವಂತೆ ಅಂಚೆಯಲ್ಲಿ ಕಳಿಸಿದೆವು. 12ನೇ ದಿನ ಬಾಗಿಲು ವಾಪಸ್ ಬಂದವು, ಮೋಟರ್ ದುಡ್ಡು ಖಾತೆಗೆ ಬಿತ್ತು.